ಒಂದು ಮೊಳ

ಕಲಾಸಿಪಾಳ್ಯದ ನಮ್ಮ ಲ್ಯಾಬಿಗೆ
ಮಾರ್ಕೆಟ್ಟಿನ ವ್ಯಾಪಾರ ಮುಗಿಸಿ
ಬೆಳಿಗ್ಗೆ ಒಂಬತ್ತಕ್ಕೆ ಬಂದರು ಪಿಳ್ಳಮ್ಮ,
ಬಲಗೈಯ ನಡುಬೆರಳಿಗೆ ಅರಿಶಿನ ಸುಣ್ಣ ಮೆತ್ತಿ,
ಹಳೇ ಸೀರೆಯ ಚೂರು ಸುತ್ತಿ.

ಗುಲಾಬಿ ಮುಳ್ಳಂತೆ. ನಾಲ್ಕು ದಿನವಾಯಿತಂತೆ.
'ಹೋದ್ರೆ ಹೋಗ್ಲಿ ಅನ್ನಂಗಿಲ್ಲ, ಇದು ಅಳತೆ ಬೆರಳು,
ಮೊಳ ಮುಗಿಯೋದೇ ಇದರ ತುದೀಲಿ.
ಬಟ್ಟೆ ಸುತ್ತಿದಾಗಿಂದ
ಮೊಳಕ್ಕೆ ಅರ್ಧ ಇಂಚು ಲಾಸು ಕಣಮ್ಮ,
ಗಿರಾಕಿಗಳಿಗೆ ಹಬ್ಬ.'

ಗಾಜಿನ ಮೇಲೆ ಒಂದು ಹನಿ ಎಳೆದು, ಒಣಗಿಸಿ,
ಲೀಷ್ಮನ್ ಬಣ್ಣ ಹುಯ್ದು, ತೊಳೆದು,
ಮಸೂರಕ್ಕೆ ಕಣ್ಣೊತ್ತಿ ಕೂತೆ.
ಯಂತ್ರ ಕೆಟ್ಟು ವಾರವಾಗಿದೆ, ಎಣಿಕೆ ಕೈಯಲ್ಲೇ.
ನೂರು ಬಿಳಿಯ ಕಣ,
ಒಂದೊಂದಕ್ಕೂ ಒಂದು ಟಿಕ್.

ಟಿಕ್. ಟಿಕ್. ನ್ಯೂಟ್ರೋಫಿಲ್, ಮತ್ತೆ ನ್ಯೂಟ್ರೋಫಿಲ್.
ಹದಿನೈದು ವರ್ಷದಿಂದ ನೋಡುತ್ತಿದ್ದರೂ
ಇವತ್ತೇ ಕಂಡಿದ್ದು:
ಒಂದೊಂದರ ಒಳಗೂ ಮೂರು, ನಾಲ್ಕು ನೇರಳೆ ಮೊಗ್ಗು,
ನಡುವೆ ಕೂದಲೆಳೆಯ ದಾರ.
ಯಾರೋ ಕಟ್ಟಿ, ಗಂಟು ಹಾಕಿ, ಕಳಿಸಿದ ಹಾಗೆ.
ಕೆಲವು ಇನ್ನೂ ಗಂಟಿಗೆ ಬಾರದ ಎಳೆಯವು,
ಮೂಳೆಯೊಳಗಿನ ತೋಟದಿಂದ
ಅವಸರಕ್ಕೆ ಕಿತ್ತು ತಂದವು.
ನಡುವೆ ಒಂದು ಮಾನೊಸೈಟು, ಅವರೆಕಾಳು ನುಂಗಿದಂತೆ.
ಅಪರೂಪಕ್ಕೆ ಕನಕಾಂಬರದ ಬಣ್ಣದ್ದೊಂದು.
ನ್ಯೂಟ್ರೋಫಿಲ್ ಎಂಬತ್ತೆರಡು. ಜಾಸ್ತಿ.

ಬೆರಳಲ್ಲಿ ನಡೆದದ್ದು ಗಾಜಿನ ಮೇಲೆ ಕಾಣುವುದಿಲ್ಲ.
ನಾನು ಊಹಿಸಿಕೊಳ್ಳುತ್ತೇನೆ:
ಮುಳ್ಳು ಚುಚ್ಚಿದ್ದು ರಾತ್ರಿ ಮೂರೂವರೆಗೆ,
ಲಾರಿಯಿಂದ ಮೂಟೆ ಇಳಿಯುವಾಗ.
ಚರ್ಮದಡಿ ಕೈಕಾಲು ಚಾಚಿ ಕೂತಿದ್ದ ಒಂದು ಕಣ
ಒಳಬಂದವನ ಚೂರೊಂದನ್ನು ಕಿತ್ತು,
ಮೈಮೇಲೆ ಹೊತ್ತು ಹೊರಟಿತು,
ಬೆರಳ ತುದಿಯಿಂದ ಮೊಳಕೈಗೆ
(ಸರಿಯಾಗಿ ಒಂದು ಮೊಳ)
ಅಲ್ಲಿಂದ ಕಂಕುಳಿಗೆ.
ಅಲ್ಲಿ ಕಿಕ್ಕಿರಿದವರಿಗೆಲ್ಲ ತೋರಿಸುತ್ತ ಹೋಯಿತು:
ಇವನು ನಿನಗೆ ಗೊತ್ತೆ? ನಿನಗೆ? ನಿನಗೆ?
ಲಕ್ಷ ಮಂದಿ ಇಲ್ಲವೆಂದರು.
ಒಬ್ಬಳು ಎದ್ದು ನಿಂತಳು.
ಎದ್ದವಳು ಇಬ್ಬರಾದಳು, ನಾಲ್ವರಾದಳು,
ಇರುವ ಜಾಗ ಸಾಲದೆ
ಕಂಕುಳು ಉಬ್ಬಿತು.

ಪಿಳ್ಳಮ್ಮ ಹೆದರಿದ್ದು ಬೆರಳಿಗಲ್ಲ, ಈ ಗೆಡ್ಡೆಗೆ.
ಅಜ್ಜಿಯ ಅಜ್ಜಿ, ಪ್ಲೇಗಿನ ವರ್ಷ,
ಹೀಗೇ ಗೆಡ್ಡೆಯೆದ್ದು ಹೋದವಳಂತೆ.
ಇವತ್ತಿಗೂ ದಿನದ ಮೊದಲ ಮೊಳ ಪ್ಲೇಗಮ್ಮನಿಗೆ.
ಹೇಳಬೇಕೆಂದುಕೊಂಡೆ, ಹೇಳಲಿಲ್ಲ:
ರಕ್ತ ಕಲಿತದ್ದು ಮೊಮ್ಮಗಳಿಗೆ ಇಳಿಯುವುದಿಲ್ಲ ಪಿಳ್ಳಮ್ಮ,
ಪ್ರತಿ ಮೈಯೂ ಮೊದಲಿಂದ ಕಲಿಯಬೇಕು.
ಅದಕ್ಕೇ ಇರಬೇಕು ಗುಡಿ.
ಅದಕ್ಕೇ ನಿಮ್ಮ ತೋಳಿನ ಮೇಲೆ
ನಾಲ್ಕಾಣೆಯಗಲ ಆ ಸೂಜಿಯ ಕಲೆ.

'ಕೀವು ಅಂದ್ರೆ ಕೆಟ್ಟ ರಕ್ತ ತಾನೆ?'
ಅಲ್ಲ ಅಂದೆ. ನಿಮಗೋಸ್ಕರ ಬಂದು ಸತ್ತವು.
ಒಳಬಂದವನನ್ನು ನುಂಗಿ, ತಾವೂ ಬೆಂದು.
ಅವಕ್ಕೆ ಬಾಳು ಒಂದು ದಿನ,
ಹಿಗ್ಗಿಸಿದರೆ ಇನ್ನೊಂದೆರಡು.
ಹತ್ತಿಯ ಮೇಲಿನ ಹಳದಿಯನ್ನು ಆಕೆ
ಬಹಳ ಹೊತ್ತು ನೋಡಿದರು,
ಮಾರ್ಕೆಟ್ಟಿನ ಹಿಂದೆ ಮಧ್ಯಾಹ್ನ
ಮಾರದ ಸೇವಂತಿಗೆಯನ್ನು ರಾಶಿ ಸುರಿಯುವುದು
ದಿನಾ ನೋಡುವ ಕಣ್ಣಲ್ಲಿ.
'ಹಂಗಾದ್ರೆ ಮಲ್ಲಿಗೆಯಷ್ಟೇ' ಅಂದರು.

ಹತ್ತು ದಿನ ಬಿಟ್ಟು ಮತ್ತೆ ಬಂದರು.
ಡಾಕ್ಟರ ಗುಳಿಗೆ ಮುಗಿದಿತ್ತು, ಬೆರಳು ಇಳಿದಿತ್ತು.
ಅವತ್ತಿನ ಇನ್ನೂರಿಪ್ಪತ್ತು ಜಾಸ್ತಿಯಾಯ್ತೆಂದು
ಕೌಂಟರಿನಲ್ಲಿ ಜಗಳವಾಡಿ, ಸೋತು,
ಬುಟ್ಟಿಯಿಂದ ಕಾಕಡ ತೆಗೆದು
ನನ್ನೆದುರೇ ಅಳೆದರು:
ಮೊಳಕೈಯಿಂದ ಹಿಡಿದು
ತೆಳ್ಳಗೆ ಹೊಸ ಚರ್ಮ ಬಂದಿದ್ದ
ಗುಲಾಬಿ ಬಣ್ಣದ ತುದಿಯವರೆಗೆ.
ಅಲ್ಲೇ ಚಿವುಟಿದರು. ಒಂದು ಮೊಗ್ಗೂ ಹೆಚ್ಚಿಲ್ಲ.
'ಈಗ ನೋಡಮ್ಮ, ಸರಿಯಾದ ಮೊಳ.'